ಏಣೆಲು ಎಂದರೆ ಖಾರಿಫ್ ತಾನೆ? ಕರಾವಳಿ ಭತ್ತದ ತಳಿ ಮಾಹಿತಿಯನ್ನು ಹಲವು ಕೇಂದ್ರಗಳು ಸೇರಿ ಒಂದೆಡೆ ಇಡುವ ಕ್ರಮ

ಒಂದು ಹಾಳೆಯಲ್ಲಿ ‘ಕಯಮೆ, ಸುಗ್ಗಿ 2024, ಗದ್ದೆಗೆ 12 ಮುಡಿ’ ಎಂದಿದೆ. ಇನ್ನೊಂದು ಕೇಂದ್ರದ ಹಾಳೆಯಲ್ಲಿ ‘ಕಾಯಮ, ರಬಿ 2025, ಹೆಕ್ಟೇರಿಗೆ 31 ಕ್ವಿಂಟಾಲ್’. ಮೂರನೆಯದು ಪ್ರಯೋಗಾಲಯದ್ದು: ‘ಕೆವೈ-3, ಪ್ಲೇಟ್ 2, ಸಿ7’. ಮೂರೂ ಒಂದೇ ಚೀಲದ ಬೀಜವಾಗಿರಬಹುದು, ಮೂರು ಬೇರೆ ಬೇರೆ ತಳಿಗಳೂ ಆಗಿರಬಹುದು. ಬರೆದವರಿಗೆ ಫೋನ್ ಮಾಡಿದರೆ ಉತ್ತರ ಸಿಗುತ್ತದೆ. ಅವರಿಗೆ ವರ್ಗವಾಗಿದ್ದರೆ ಅದೂ ಇಲ್ಲ.

ಹಲವು ಸಂಸ್ಥೆಗಳು ಸೇರಿ ತಳಿ ಡೇಟಾಬೇಸ್ ಕಟ್ಟಲು ಹೊರಟಾಗ ಹಣವೂ ಚರ್ಚೆಯೂ ಸರ್ವರಿಗೆ, ಜಾಲತಾಣದ ಅಂದಕ್ಕೆ ಹೋಗುತ್ತವೆ. ಕೆಲಸ ಕೆಡುವುದು ಅಲ್ಲಲ್ಲ. ಬೀಜದ ಚೀಲಕ್ಕೆ ಚೀಟಿ ಬರೆಯುವಲ್ಲಿ, ತಕ್ಕಡಿಯ ಪಕ್ಕದಲ್ಲಿ, ಎಲೆ ಕತ್ತರಿಸಿ ಪ್ಲೇಟಿಗೆ ಹಾಕುವ ಮೇಜಿನ ಮೇಲೆ ಕೆಡುತ್ತದೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಕಂಪ್ಯೂಟರಿಗೆ ಮೊದಲಿನ ಕೆಲಸ.

ಉಡುಪಿ, ದಕ್ಷಿಣ ಕನ್ನಡದಲ್ಲಿ ಈ ಕೆಲಸಕ್ಕೆ ಕೈಗಳಿಗೆ ಕೊರತೆಯಿಲ್ಲ. ಬ್ರಹ್ಮಾವರದಲ್ಲಿ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ, ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಪ್ರಾದೇಶಿಕ ಕೇಂದ್ರ, ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ, ಮಂಗಳೂರಿನ ಸುತ್ತ ಜೈವಿಕ ತಂತ್ರಜ್ಞಾನ ಕಲಿಸುವ ಕಾಲೇಜುಗಳು, ಊರೂರಲ್ಲಿ ನಾಟಿ ತಳಿ ಉಳಿಸಿಕೊಂಡ ಕೃಷಿಕರು. ಉದಾಹರಣೆಗೆ ಭತ್ತವನ್ನೇ ಹಿಡಿದಿದ್ದೇವೆ. ಅಡಿಕೆ, ಗೇರಿಗೆ ಎಲ್ಲಿ ದಾರಿ ಬೇರೆ ಎಂಬುದು ಕೊನೆಯಲ್ಲಿದೆ.

ಬೀಜ ಮುಟ್ಟುವ ಮೊದಲು ಒಂದು ಪುಟ

ಸೇರುವ ಸಂಸ್ಥೆಗಳೆಲ್ಲ ಮೊದಲು ಒಂದು ಪುಟದ ಒಪ್ಪಂದಕ್ಕೆ ಸಹಿ ಹಾಕಬೇಕು. ಇಪ್ಪತ್ತು ಪುಟದ್ದಾದರೆ ಯಾರೂ ಓದುವುದಿಲ್ಲ. ಸಂಖ್ಯೆ ಕೊಡುವ ಅಧಿಕಾರ ಯಾರದು, ಯಾವ ಮಾಹಿತಿ ಎಷ್ಟು ತಿಂಗಳ ನಂತರ ಸಾರ್ವಜನಿಕವಾಗುತ್ತದೆ, ತಪ್ಪು ಕಂಡರೆ ತಿದ್ದುವವರು ಯಾರು, ಕೃಷಿಕರ ಒಪ್ಪಿಗೆ ಯಾವ ರೀತಿಯಲ್ಲಿ ಪಡೆಯುತ್ತೀರಿ ಎಂಬುದು ಅದರಲ್ಲಿದ್ದರೆ ಸಾಕು. ಮಾಹಿತಿ ನೋಡಿಕೊಳ್ಳುವವರು ಎಂದು ಒಬ್ಬರ ಹುದ್ದೆಯನ್ನು ಬರೆಯಿರಿ, ಹೆಸರನ್ನಲ್ಲ. ಹೆಸರು ಬರೆದರೆ ಆ ವ್ಯಕ್ತಿ ಹೋದ ದಿನವೇ ಒಪ್ಪಂದವೂ ಹೋಗುತ್ತದೆ.

ಕಾನೂನಿನ ಕಡೆಯಿಂದ ಎರಡು ಕಾಯ್ದೆ ನೆನಪಿರಲಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಡಿ ಕೃಷಿಕರು ತಮ್ಮ ತಳಿಯನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಳ್ಳಬಹುದು. 2002ರ ಜೈವಿಕ ವೈವಿಧ್ಯ ಕಾಯ್ದೆಯಡಿ ಪಂಚಾಯತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ, ಅವುಗಳದೇ ದಾಖಲೆ ಪುಸ್ತಕಗಳಿವೆ. ಬೀಜ ಕೇಳುವ ದಿನವೇ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಕೊಡಿ: ಬೀಜ ಎಲ್ಲಿಗೆ ಹೋಗುತ್ತದೆ, ಡಿಎನ್‌ಎ ತೆಗೆಯುತ್ತೀರಾ, ಅದನ್ನು ಎಲ್ಲಿ ಹಾಕುತ್ತೀರಿ. ಪತ್ರದ ಪ್ರತಿ ಕೃಷಿಕರ ಕೈಯಲ್ಲಿ ಉಳಿಯಬೇಕು. ಅವರ ಹೆಸರು, ಫೋನು ಬೇರೆ ಹಾಳೆಯಲ್ಲಿ, ಬೀಗದೊಳಗೆ ಇರಲಿ. ಸಾರ್ವಜನಿಕ ಹಾಳೆಗೆ ಹೋಗುವುದು ಗ್ರಾಮದ ಹೆಸರು ಮಾತ್ರ.

ಚೀಲಕ್ಕೆ ಸಂಖ್ಯೆ

ತಳಿಯ ಹೆಸರು ಗುರುತಲ್ಲ. ಬೆಳ್ತಂಗಡಿಯ ಕಯಮೆ ಮತ್ತು ಕಾರ್ಕಳದ ಕಯಮೆ ಒಂದೇ ಎಂದು ಯಾರೂ ಮೊದಲೇ ಹೇಳಲಾರರು. ಅತ್ತ ‘ರಾಜಕಯಮೆ’ ಎಂಬುದೂ ಇದೆ. ಆದ್ದರಿಂದ ಬಂದ ಪ್ರತಿ ಚೀಲಕ್ಕೂ ಹೊಸ ಸಂಖ್ಯೆ, ಅದೇ ಹೆಸರಿನ ಹತ್ತು ಚೀಲ ಬಂದರೆ ಹತ್ತು ಸಂಖ್ಯೆ. ಮುಂದೆ ಡಿಎನ್‌ಎ ನೋಡಿ ಎರಡು ಒಂದೇ ಎಂದು ಗೊತ್ತಾದರೂ ಸಂಖ್ಯೆಗಳನ್ನು ಸೇರಿಸಿಬಿಡಬೇಡಿ, ‘ಇದಕ್ಕೂ ಅದಕ್ಕೂ ಸಮ’ ಎಂಬ ಕೊಂಡಿ ಹಾಕಿ. ಸೇರಿಸಿದ್ದನ್ನು ಬಿಡಿಸಲು ಆಗುವುದಿಲ್ಲ, ಕೊಂಡಿಯನ್ನು ಯಾವಾಗ ಬೇಕಾದರೂ ಕಳಚಬಹುದು.

ಸಂಖ್ಯೆಯ ರೂಪ ಸರಳವಾಗಿರಲಿ: ಕೇಂದ್ರದ ಎರಡಕ್ಷರ, ವರ್ಷದ ಎರಡಂಕೆ, ಕ್ರಮಸಂಖ್ಯೆಯ ನಾಲ್ಕಂಕೆ, ಕೊನೆಗೆ ಒಂದು ತಾಳೆ ಅಂಕೆ. ‘ಬಿಆರ್-25-0147’ ಎಂದಿಟ್ಟುಕೊಳ್ಳಿ. ಆರು ಅಂಕೆಗಳನ್ನು ಎಡದಿಂದ 7, 6, 5, 4, 3, 2ರಿಂದ ಗುಣಿಸಿ ಕೂಡಿ: 14+30+0+4+12+14 ಸೇರಿ 74. ಇದನ್ನು 11ರಿಂದ ಭಾಗಿಸಿದರೆ ಶೇಷ 8. ಹನ್ನೊಂದರಲ್ಲಿ ಎಂಟು ಕಳೆದರೆ 3. ಪೂರ್ತಿ ಸಂಖ್ಯೆ ‘ಬಿಆರ್-25-0147-3’. ಶೇಷ 0 ಬಂದರೆ ತಾಳೆ ಅಂಕೆ 0. ಉತ್ತರ 10 ಬರುವ ಕ್ರಮಸಂಖ್ಯೆಯನ್ನು ಬಿಟ್ಟುಬಿಡಿ. ಯಾರಾದರೂ ಅವಸರದಲ್ಲಿ 0417 ಎಂದು ಬರೆದರೆ ತಾಳೆ ಅಂಕೆ 0 ಆಗಬೇಕಾಗುತ್ತದೆ, 3 ಇರುವುದನ್ನು ಕಂಡು ಹಾಳೆ ತಾನಾಗಿ ಕೆಂಪಾಗುತ್ತದೆ. ಎಕ್ಸೆಲ್‌ನಲ್ಲಿ ಒಂದು ಸೂತ್ರದ ಕೆಲಸ ಅಷ್ಟೆ. ಕೇಂದ್ರದ ಸಂಕೇತದಲ್ಲಿ ಇಂಗ್ಲಿಷಿನ ಒ ಮತ್ತು ಐ ಅಕ್ಷರ ಬೇಡ, ಸೊನ್ನೆ-ಒಂದರಂತೆ ಕಾಣುತ್ತವೆ.

ಹಳೆಯ ಗುರುತುಗಳನ್ನು ಎಸೆಯಬೇಡಿ. ದೆಹಲಿಯ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋ, ಅಂದರೆ ಎನ್‌ಬಿಪಿಜಿಆರ್, ಕೊಟ್ಟ ‘ಐಸಿ’ ಸಂಖ್ಯೆ ಇದ್ದರೆ ಅದಕ್ಕೊಂದು ಕಾಲಂ. ಬೀಜ ಉಳಿಸಿದವರದೇ ಪಟ್ಟಿಯ ಸಂಖ್ಯೆ ಇದ್ದರೆ ಅದಕ್ಕೊಂದು. ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರಂತೆ 650ಕ್ಕೂ ಹೆಚ್ಚು ಭತ್ತದ ತಳಿ ಕಾಪಾಡಿ 2024ರಲ್ಲಿ ಪದ್ಮಶ್ರೀ ಪಡೆದವರು ನಮ್ಮ ನೆರೆಯಲ್ಲೇ ಇದ್ದಾರೆ. ಬೀಜ ಸಂರಕ್ಷಕರ ಲೆಕ್ಕ ನಮ್ಮ ಲೆಕ್ಕಕ್ಕಿಂತ ಹಳೆಯದು, ಮತ್ತೆ ಬೀಜ ಬೇಕಾದಾಗ ಕೇಳಬೇಕಾದದ್ದು ಅವರ ಸಂಖ್ಯೆ ಹೇಳಿಯೇ.

ಚೀಲದ ವಿವರಕ್ಕೆ ಜಗತ್ತಿನ ಬೀಜ ಬ್ಯಾಂಕುಗಳೆಲ್ಲ ಬಳಸುವ ‘ಬಹುಬೆಳೆ ಪಾಸ್‌ಪೋರ್ಟ್’ ಪಟ್ಟಿಯನ್ನೇ ತೆಗೆದುಕೊಳ್ಳಿ. ಅದರ 2.1ನೇ ಆವೃತ್ತಿ 2015ರದ್ದು. ಸ್ವಂತ ಪಟ್ಟಿ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ. ಅದರಲ್ಲಿ ನಾಟಿ ತಳಿಗೆ ಸಂಕೇತ 300, ಸುಧಾರಿತ ತಳಿಗೆ 500, ತಳಿ ಅಭಿವೃದ್ಧಿಯ ನಡುವಿನ ಸಾಮಗ್ರಿಗೆ 400. ಸಂಗ್ರಹದ ದಿನಾಂಕ ಎಂಟಂಕೆಯಲ್ಲಿ, ವರ್ಷ-ತಿಂಗಳು-ದಿನ ಕ್ರಮದಲ್ಲಿ. ದಿನ ಗೊತ್ತಿಲ್ಲದಿದ್ದರೆ 00 ಹಾಕಿ, ಊಹಿಸಿ 15 ಎಂದು ಹಾಕಬೇಡಿ.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು

ತಳಿಯ ಹೆಸರನ್ನು ಕನ್ನಡದಲ್ಲೇ ಇಡಿ. ಇಂಗ್ಲಿಷಿಗೆ ತಂದಾಗ ‘ಳ’ ಮತ್ತು ‘ಲ’ ಒಂದಾಗುತ್ತವೆ, ‘ಕಳಮೆ’ ಏನಾಗುತ್ತದೋ ಹೇಳಲಾಗದು. ಆದರೆ ಕನ್ನಡದ ಟೈಪಿಂಗಿನಲ್ಲಿ ಮೂರು ತೊಡಕುಗಳಿವೆ.

‘ತೊನ್ನೂರು’ ಎನ್ನುವಾಗಿನ ‘ತೊ’ವನ್ನು ಕಂಪ್ಯೂಟರ್ ಎರಡು ಬಗೆಯಲ್ಲಿ ಇಟ್ಟುಕೊಳ್ಳಬಲ್ಲದು: ತ ಮತ್ತು ಒತ್ವ, ಅಥವಾ ತ, ಎತ್ವ ಮತ್ತು ಊತ್ವದ ಚಿಹ್ನೆ. ತೆರೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣದು. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಹಾಳೆಯನ್ನು ಒಳಗೆ ತೆಗೆದುಕೊಳ್ಳುವಾಗ ಯೂನಿಕೋಡಿನ ‘ಎನ್‌ಎಫ್‌ಸಿ’ ರೂಪಕ್ಕೆ ತರುವ ಒಂದು ಸಾಲಿನ ಆದೇಶ ಇದನ್ನು ಸರಿಮಾಡುತ್ತದೆ, ಪೈಥಾನಿನಲ್ಲಿ ಅದು ಮೊದಲಿನಿಂದಲೇ ಇದೆ. ಎರಡನೆಯದು ಸೊನ್ನೆ. ‘ಗಂಧಸಾಲೆ’ಯ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕೆಯನ್ನು ಒತ್ತುವವರು ಬಹಳ ಮಂದಿ. ಇದನ್ನು ಎನ್‌ಎಫ್‌ಸಿ ಹಿಡಿಯುವುದಿಲ್ಲ. ಅಕ್ಷರದ ಪಕ್ಕದಲ್ಲಿ ಕನ್ನಡ ಸೊನ್ನೆ ಕಂಡರೆ ಅನುಸ್ವಾರಕ್ಕೆ ಬದಲಿಸಿ ಎಂದು ಬೇರೆಯೇ ನಿಯಮ ಬರೆಯಬೇಕು. ಮೂರನೆಯದು ಹಳೆಯ ನುಡಿ, ಬರಹ ಫಾಂಟಿನ ಕಡತಗಳು. ಅವು ಯೂನಿಕೋಡ್ ಅಲ್ಲ. ಪರಿವರ್ತಕದಲ್ಲಿ ಹಾಕಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನೆಲ್ಲ ಒಬ್ಬರು ಕೂತು ಓದಲೇಬೇಕು.

ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯನ್ನೇ ಒತ್ತಿ. ಬರೀ ‘ಸಿಎಸ್‌ವಿ’ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ಮತ್ತೆ ಮರಳುವುದಿಲ್ಲ. ಸಂಖ್ಯೆಗಳ ಕಾಲಮನ್ನು ಮೊದಲೇ ‘ಪಠ್ಯ’ ಎಂದು ಗುರುತಿಸಿ. ಇಲ್ಲದಿದ್ದರೆ 0147 ಎಂಬುದು 147 ಆಗುತ್ತದೆ, ‘5-10’ ಎಂಬ ಸಾಲಿನ ಗುರುತು ತಾರೀಕಾಗುತ್ತದೆ.

ಜಾಗ, ಹಂಗಾಮು, ಅಳತೆ

ಅಕ್ಷಾಂಶ-ರೇಖಾಂಶವನ್ನು ದಶಮಾಂಶದಲ್ಲಿ ಬರೆಯಿರಿ. 13 ಡಿಗ್ರಿ 20 ನಿಮಿಷ ಎಂಬುದು 13.3333, ಅದನ್ನು 13.20 ಎಂದು ಹಾಕಿದರೆ ಉಡುಪಿಯ ಗದ್ದೆ ಸುಮಾರು 15 ಕಿ.ಮೀ. ದಕ್ಷಿಣಕ್ಕೆ ಜಾರಿ ಕಾಪುವಿನ ಹತ್ತಿರ ಕೂರುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ ನಾರ್ವೆಯ ಉತ್ತರದ ಕಡಲಲ್ಲಿ. ಕರಾವಳಿಯವರಿಗೆ ಒಂದು ಅನುಕೂಲವಿದೆ: ರೇಖಾಂಶದಲ್ಲಿ ಒಂದಂಕೆ ತಪ್ಪಿ 74.74ರ ಬದಲು 74.24 ಆದರೂ ಗದ್ದೆ ಅರಬ್ಬಿ ಸಮುದ್ರದಲ್ಲಿ ತೇಲುತ್ತದೆ. ಎಲ್ಲ ಬಿಂದುಗಳನ್ನು ನಕ್ಷೆಯ ಮೇಲೆ ಹಾಕಿ ಒಮ್ಮೆ ನೋಡಿದರೆ ಅರ್ಧ ತಪ್ಪು ಸಿಕ್ಕಿತು. ಸಾರ್ವಜನಿಕ ಪ್ರತಿಗೆ ದಶಮಾಂಶದ ಎರಡೇ ಸ್ಥಾನ ಬಿಡಿ. ಅದು ಸುಮಾರು 1.1 ಕಿ.ಮೀ. ಮಸುಕು, ಊರು ತಿಳಿಯುತ್ತದೆ, ಮನೆ ತಿಳಿಯುವುದಿಲ್ಲ.

ಹಂಗಾಮಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಏಣೆಲು ಎಂದರೆ ಖಾರಿಫ್, ಸುಗ್ಗಿ ಎಂದರೆ ರಬಿ, ಕೊಳಕೆ ಎಂದರೆ ಬೇಸಿಗೆ ಬೆಳೆ ಎಂದು ಪಕ್ಕದಲ್ಲಿ ಬರೆದುಕೊಂಡರೆ ಮುಗಿಯಿತೇ? ಇಲ್ಲ. ಘಟ್ಟದ ಮೇಲಿನವರಿಗೆ ಸುಗ್ಗಿ ಎಂದರೆ ಕೊಯ್ಲು, ಯಾವ ಬೆಳೆಯದ್ದೂ ಆಗಬಹುದು. ಜೊತೆಗೆ ಇಲ್ಲಿನ ಸುಗ್ಗಿ ಬೆಳೆ ಒಂದು ವರ್ಷದಲ್ಲಿ ನಾಟಿಯಾಗಿ ಇನ್ನೊಂದು ವರ್ಷದಲ್ಲಿ ಕೊಯ್ಲಾಗುತ್ತದೆ. ಒಬ್ಬರು ನಾಟಿಯ ವರ್ಷ ಬರೆದರು, ಇನ್ನೊಬ್ಬರು ಕೊಯ್ಲಿನ ವರ್ಷ. ಮೊದಲಲ್ಲಿ ಕಂಡ ‘ಸುಗ್ಗಿ 2024’ ಮತ್ತು ‘ರಬಿ 2025’ ಹೀಗೆ ಹುಟ್ಟಿದ ಅವಳಿಗಳಿರಬಹುದು. ಪರಿಹಾರ ಸುಲಭ: ಬಿತ್ತಿದ ದಿನ, ನೇಜಿ ನೆಟ್ಟ ದಿನ, ಕೊಯ್ದ ದಿನ ಮೂರನ್ನೂ ಬರೆಯಿರಿ. ಹಂಗಾಮಿನ ಹೆಸರು ಓದುವವರ ಅನುಕೂಲಕ್ಕೆ ಪಕ್ಕದಲ್ಲಿರಲಿ, ಲೆಕ್ಕ ಮಾತ್ರ ದಿನಾಂಕದ ಮೇಲೆ ನಡೆಯಲಿ.

ಬೆಟ್ಟು (ಎತ್ತರದ ಗದ್ದೆ), ಮಜಲು (ನಡುವಿನದು), ಬೈಲು (ತಗ್ಗಿನದು) ಎಂಬ ಮೂರು ಮಾತಿಗೆ ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ನೇರ ಜಾಗವಿಲ್ಲ. ಹಾಗೆಂದು ಬಿಡಬೇಡಿ. ಒಂದೇ ತಳಿ ಬೈಲಿನಲ್ಲಿ ಒಂದು ರೀತಿ, ಬೆಟ್ಟುಗದ್ದೆಯಲ್ಲಿ ಇನ್ನೊಂದು ರೀತಿ. ಆ ವ್ಯತ್ಯಾಸವನ್ನು ವಂಶವಾಹಿಯ ಲೆಕ್ಕಕ್ಕೆ ಬರೆದರೆ ಮುಂದಿನ ವಿಶ್ಲೇಷಣೆಯೆಲ್ಲ ದಾರಿ ತಪ್ಪುತ್ತದೆ. ಪ್ರಯೋಗದ ಪರಿಸರ ವಿವರಿಸುವ ಕಾಲಮಿನಲ್ಲಿ ಈ ಪದವನ್ನೇ ಬರೆದು, ನೀರು ಎಷ್ಟು ದಿನ, ಎಷ್ಟು ಸೆಂ.ಮೀ. ನಿಂತಿತು ಎಂಬುದನ್ನೂ ಸೇರಿಸಿ.

ಇನ್ನು ಮುಡಿ. ಮೂರು ಕಳಸೆಗೆ ಒಂದು ಮುಡಿ, ಹದಿನಾಲ್ಕು ಸೇರಿಗೆ ಒಂದು ಕಳಸೆ, ಒಟ್ಟು 42 ಸೇರು ಎಂಬುದು ಬಹುಕಡೆಯ ಲೆಕ್ಕ. ಆದರೆ ಸೇರು ಗಾತ್ರದ ಅಳತೆ, ತೂಕದ್ದಲ್ಲ. ಊರಿಂದೂರಿಗೆ ಪಾತ್ರೆ ಬದಲು, ಭತ್ತ ತುಂಬಿದ ಸೇರು ಅಕ್ಕಿ ತುಂಬಿದ ಸೇರಿಗಿಂತ ಹಗುರ, ಜೊಳ್ಳು ಹೆಚ್ಚಿದ್ದರೆ ಇನ್ನೂ ಹಗುರ. ಯಾವುದೋ ಕೋಷ್ಟಕ ಹಿಡಿದು ಕಿಲೋಗೆ ತಿರುಗಿಸಬೇಡಿ. ಕೃಷಿಕರು ಹೇಳಿದ್ದನ್ನು ಹೇಳಿದಂತೆ ಒಂದು ಕಾಲಮಿನಲ್ಲಿ ಬರೆದು, ಅವರದೇ ಸೇರಿನಲ್ಲಿ ಅದೇ ಭತ್ತವನ್ನು ಮೂರು ಬಾರಿ ಅಳೆದು ತೂಗಿ, ಸರಾಸರಿಯನ್ನು ಪಕ್ಕದ ಕಾಲಮಿಗೆ ಹಾಕಿ. ತೂಗಲು ಆಗದಿದ್ದರೆ ಆ ಕಾಲಂ ಖಾಲಿ ಇರಲಿ.

ಗದ್ದೆಯ ಹಾಳೆ

ತಾಕಿನ ಅಳತೆ 5 ಮೀ. × 2 ಮೀ. ಇಟ್ಟುಕೊಂಡರೆ 10 ಚದರ ಮೀಟರ್. ತಾಕಿನ ಕಿಲೋವನ್ನು ಸಾವಿರದಿಂದ ಗುಣಿಸಿದರೆ ಹೆಕ್ಟೇರಿನ ಕಿಲೋ, ತಲೆಯಲ್ಲೇ ಲೆಕ್ಕವಾಗುತ್ತದೆ. ಆದರೆ ತೇವಾಂಶ ತಿದ್ದದೆ ಬರೆಯಬೇಡಿ. ಏಣೆಲಿನ ಕೊಯ್ಲು ಅಕ್ಟೋಬರಿನ ಮಳೆಯ ನಡುವೆ ಆಗುವುದು ಇಲ್ಲಿ ಮಾಮೂಲು. ತಾಕಿನಿಂದ 4.1 ಕಿಲೋ ಬಂತು, ಮಾಪಕದಲ್ಲಿ ತೇವಾಂಶ ಶೇ. 21 ಎಂದುಕೊಳ್ಳಿ. ಶೇ. 14ಕ್ಕೆ ತರಲು 4.1 × (100 − 21) ÷ 86 = 3.77 ಕಿಲೋ. ತಿದ್ದದಿದ್ದರೆ ಹೆಕ್ಟೇರಿಗೆ 4100, ತಿದ್ದಿದರೆ ಸುಮಾರು 3770 ಕಿಲೋ. ಎರಡು ತಳಿಗಳ ನಡುವೆ ನಾವು ಹುಡುಕುತ್ತಿರುವ ವ್ಯತ್ಯಾಸವೇ ಎಷ್ಟೋ ಸಲ ಇದಕ್ಕಿಂತ ಕಡಿಮೆ. ಹಾಳೆಯಲ್ಲಿ ಹಸಿ ತೂಕ, ತೇವಾಂಶ, ತಿದ್ದಿದ ತೂಕ ಮೂರೂ ಇರಲಿ. ತಿದ್ದಿದ್ದು ಮಾತ್ರ ಇದ್ದರೆ ಯಾರೋ ಮತ್ತೊಮ್ಮೆ ತಿದ್ದುತ್ತಾರೆ.

ಪ್ರತಿ ಲಕ್ಷಣಕ್ಕೂ ಮೂರು ಸಂಗತಿ ಕಟ್ಟಿರಬೇಕು: ಏನು ನೋಡಿದಿರಿ, ಹೇಗೆ ನೋಡಿದಿರಿ, ಯಾವ ಮಾನದಲ್ಲಿ ಬರೆದಿರಿ. ‘ಎತ್ತರ’ ಎಂದರೆ ಸಾಲದು. ನೆಲದಿಂದ ಅತಿ ಎತ್ತರದ ತೆನೆಯ ತುದಿಗೋ, ಎಲೆಯ ತುದಿಗೋ? ‘ತೆನೆ ಬಂದ ದಿನ’ ಮೊದಲ ತೆನೆಯದ್ದೋ, ತಾಕಿನ ಅರ್ಧದಷ್ಟು ಗಿಡಕ್ಕೆ ತೆನೆ ಬಂದದ್ದೋ, ಎಣಿಕೆ ಬಿತ್ತನೆಯಿಂದಲೋ ನಾಟಿಯಿಂದಲೋ? ನಾಟಿಯಿಂದ ಎಣಿಸಿದವರ ತಳಿ ಮೂರು ವಾರ ಅಲ್ಪಾವಧಿಯದಾಗಿ ಕಾಣುತ್ತದೆ. ಬೆಂಕಿ ರೋಗಕ್ಕೆ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ 0ರಿಂದ 9ರ ಮಾಪನವನ್ನೇ ಬಳಸಿ. ಏನು, ಹೇಗೆ, ಯಾವ ಮಾನ ಎಂಬ ಮೂರೂ ಸೇರಿದ ವ್ಯಾಖ್ಯೆಗಳು ಬೆಳೆ ಲಕ್ಷಣಗಳ ಪದಕೋಶವಾದ ‘ಕ್ರಾಪ್ ಆಂಟಾಲಜಿ’ಯಲ್ಲಿ ಸಿದ್ಧವಾಗಿವೆ, ಭತ್ತದ್ದು ‘ಸಿಒ_320’. ಅಲ್ಲಿನ ಸಂಕೇತ ಹಾಕಿ, ಪಕ್ಕದಲ್ಲಿ ಕನ್ನಡದ ಹೆಸರು ಬರೆಯಿರಿ. ಅಕ್ಕಿಯ ಗುಣ ನೋಡುವಾಗ ಕುಚ್ಚಲೋ ಬೆಳ್ತಿಗೆಯೋ ಎಂಬುದನ್ನು ಬರೆಯಲು ಮರೆಯಲೇಬಾರದು. ಕುದಿಸಿದ ಭತ್ತ ಗಿರಣಿಯಲ್ಲಿ ನುಚ್ಚಾಗುವುದು ಕಡಿಮೆ, ಎರಡರ ಲೆಕ್ಕ ಒಂದೇ ಕಾಲಮಿಗೆ ಹೋದರೆ ಅರ್ಥವೇ ಇಲ್ಲ.

ಸೊನ್ನೆ ಬೇರೆ, ಖಾಲಿ ಬೇರೆ. ನವಿಲು ತಿಂದು ಮುಗಿಸಿದ ತಾಕಿನ ಇಳುವರಿ 0 ಅಲ್ಲ, ಅದು ಅಳೆಯಲಾಗದ ತಾಕು. ಅಂಥದ್ದಕ್ಕೆ ಎಲ್ಲ ಕೇಂದ್ರಗಳೂ ಒಂದೇ ಗುರುತು ಬಳಸಿ, ಕಾರಣವನ್ನು ಟಿಪ್ಪಣಿಯಲ್ಲಿ ಬರೆಯಿರಿ.

ಗದ್ದೆಯಲ್ಲಿ ಬರೆದುಕೊಳ್ಳಲು ‘ಫೀಲ್ಡ್ ಬುಕ್’ ಎಂಬ ಉಚಿತ ಆಂಡ್ರಾಯ್ಡ್ ಆ್ಯಪ್ ಚೆನ್ನಾಗಿದೆ. ಅದಕ್ಕೆ ಕೊಡುವ ಹಾಳೆಯಲ್ಲಿ ತಾಕಿನ ವಿಶಿಷ್ಟ ಗುರುತು, ಸಾಲು, ಸಾಲಿನೊಳಗಿನ ಸ್ಥಾನ ಎಂಬ ಮೂರು ಕಾಲಂ ಇರಲಿ. ಇಲ್ಲಿ ಆಗುವ ತಪ್ಪು ಒಂದೇ, ಆದರೆ ಭಾರೀ ತಪ್ಪು. ಕಟ್ಟಹುಣಿಯ (ಗದ್ದೆಯ ಬದುವಿನ) ಮೇಲೆ ನಡೆಯುವವರು ಎತ್ತು ಉತ್ತಂತೆ ಹೋಗಿ-ಬಂದು ಸಂಖ್ಯೆ ಹಾಕುತ್ತಾರೆ. ಹಾಳೆ ಮಾಡಿದವರು ಪ್ರತಿ ಸಾಲನ್ನೂ ಎಡದಿಂದ ಎಣಿಸಿರುತ್ತಾರೆ. ಎರಡು, ನಾಲ್ಕು, ಆರನೇ ಸಾಲುಗಳು ಪೂರ್ತಿ ಉಲ್ಟಾ. ಪ್ರಯೋಗದ ಅರ್ಧ ಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಎರಡನೇ ಸಾಲಿನ ಒಂದು ತುದಿಯಲ್ಲಿ ಮಾತ್ರ ನೇರಳೆ ಎಲೆಯ ತಳಿ ಹಾಕಿಬಿಡಿ. ಆ್ಯಪ್ ‘ನೇರಳೆ’ ಎನ್ನುವಾಗ ಮುಂದೆ ಹಸಿರು ಗಿಡ ಕಂಡರೆ ಅಲ್ಲೇ ನಿಲ್ಲಬಹುದು.

ಮಳೆಗಾಲದಲ್ಲಿ ಒದ್ದೆ ಬೆರಳಿಗೆ ಟ್ಯಾಬ್ಲೆಟ್ ಸ್ಪಂದಿಸುವುದಿಲ್ಲ. ಪ್ಲಾಸ್ಟಿಕ್ ಚೀಲದೊಳಗಿಟ್ಟು ಪೆನ್ನಿನಂಥ ಕಡ್ಡಿಯಲ್ಲಿ ಒತ್ತಬೇಕು. ತಾಕಿನ ಚೀಟಿ ಕಾಗದದ್ದಾದರೆ ಜುಲೈ ದಾಟುವುದಿಲ್ಲ. ಪಾಲಿಯೆಸ್ಟರ್ ಹಾಳೆಗೆ ರೆಸಿನ್ ರಿಬ್ಬನ್ನಿನಲ್ಲಿ ಮುದ್ರಿಸಿದ ಬಾರ್‌ಕೋಡ್ ಉಳಿಯುತ್ತದೆ. ಅದಿಲ್ಲದಿದ್ದರೆ ಪೆನ್ಸಿಲ್. ಬಾಲ್‌ಪೆನ್, ಸ್ಕೆಚ್‌ಪೆನ್ ಎರಡೂ ಬೇಡ.

ಎಲೆಯಿಂದ ಪ್ಲೇಟಿಗೆ

ನಾಟಿ ತಳಿ ಎಂಬುದು ಒಂದೇ ಅಚ್ಚಿನ ಗಿಡಗಳ ಗುಂಪಲ್ಲ. ಐವತ್ತು ತೆನೆ ಕೊಯ್ದರೆ ಒಳಗೊಳಗೆ ವ್ಯತ್ಯಾಸ ಇರುತ್ತದೆ. ಹಾಗಾಗಿ ಎಲೆ ಒಂದು ಗಿಡದ್ದೋ ಹಲವು ಗಿಡಗಳ ಮಿಶ್ರಣವೋ ಎಂಬುದು ಕಡ್ಡಾಯ ಕಾಲಂ. ಒಂದೇ ಗಿಡದಿಂದ ತೆಗೆಯುವುದು ಮೇಲು, ಜೊತೆಗೆ ಅದೇ ಗಿಡದ ಬೀಜವನ್ನು ಬೇರೆ ಲಕೋಟೆಯಲ್ಲಿ ಉಳಿಸಿ. ಚೀಲದ ಸಂಖ್ಯೆಗೆ ಬಾಲ ಸೇರಿಸಿ ‘ಬಿಆರ್-25-0147-3/ಪಿ04’ ಎಂದು ಗುರುತಿಸಿ. ಡಿಎನ್‌ಎ ಪಿ04ರದ್ದು, ಇಳುವರಿ ಇಡೀ ಚೀಲದ್ದು ಎಂಬುದನ್ನು ಡೇಟಾಬೇಸ್ ಮರೆಯಬಾರದು.

ಎಳೆಯ ಎಲೆಯ 3-4 ಸೆಂ.ಮೀ. ತುಂಡು ಸಾಕು. ಎಲೆಯ ತೂಕದ ಕನಿಷ್ಠ ಹತ್ತು ಪಟ್ಟು ಸಿಲಿಕಾ ಜೆಲ್ ಇಟ್ಟು ಒಂದು ದಿನದೊಳಗೆ ಒಣಗಿಸಿ. ನಿಧಾನವಾಗಿ ಒಣಗಿದ ಎಲೆಯಲ್ಲಿ ಡಿಎನ್‌ಎ ಚೂರುಚೂರಾಗುತ್ತದೆ. ಇಲ್ಲಿನ ಜುಲೈ ಗಾಳಿಯಲ್ಲಿ ಡಬ್ಬಿ ತೆರೆದಿಟ್ಟರೆ ಜೆಲ್ ಬೇಗ ಸೋಲುತ್ತದೆ. ಬಣ್ಣ ಬದಲಾಗುವ ಜೆಲ್ ತಂದು, ನೀಲಿ ಗುಲಾಬಿಯಾದ ಕೂಡಲೇ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಿ.

ಪ್ಲೇಟಿನಲ್ಲಿ 96 ಗುಂಡಿ: ಎಯಿಂದ ಎಚ್‌ವರೆಗೆ ಎಂಟು ಅಡ್ಡ ಸಾಲು, 1ರಿಂದ 12ರವರೆಗೆ ಕಂಬಸಾಲು. ಪ್ಲೇಟನ್ನು ತಿರುಗಿಸಿ ಇಟ್ಟರೆ ಎ1 ಇದ್ದಲ್ಲಿ ಎಚ್12 ಬರುತ್ತದೆ, ಎಲ್ಲ ಮಾದರಿಯೂ ಅದಲುಬದಲು. ಇದನ್ನು ಹಿಡಿಯಲು ಒಂದು ಗುಂಡಿಯನ್ನು ಬೇಕೆಂದೇ ಖಾಲಿ ಬಿಡುತ್ತಾರೆ. ಎ1 ಮತ್ತು ಎಚ್12 ಎರಡನ್ನೂ ಖಾಲಿ ಬಿಟ್ಟರೆ ಪ್ರಯೋಜನವಿಲ್ಲ, ತಿರುಗಿಸಿದರೂ ಚಿತ್ರ ಹಾಗೇ ಕಾಣುತ್ತದೆ. ಒಂದೇ ಮೂಲೆ ಬಿಡಿ, ಅದರ ಜೊತೆ ಪ್ರತಿ ಪ್ಲೇಟಿಗೂ ಬೇರೆ ಬೇರೆ ಜಾಗದಲ್ಲಿ ಇನ್ನೊಂದು ಗುಂಡಿ ಬಿಡಿ: ಮೊದಲ ಪ್ಲೇಟಿನಲ್ಲಿ ಬಿ3, ಎರಡನೆಯದರಲ್ಲಿ ಸಿ5, ಹೀಗೆ. ಪ್ಲೇಟುಗಳೇ ಅದಲುಬದಲಾದರೆ ಅದು ತೋರಿಸುತ್ತದೆ. ಪ್ರತಿ ಪ್ಲೇಟಿನಲ್ಲೂ ಎಲ್ಲರಿಗೂ ಗೊತ್ತಿರುವ ಒಂದು ತಳಿಯನ್ನು ಎರಡು ಗುಂಡಿಯಲ್ಲಿ ಹಾಕಿ. ಇಲ್ಲಿ ಎಂಒ4 ಸೂಕ್ತ, ಎಲ್ಲ ಕೇಂದ್ರದಲ್ಲೂ ಸಿಗುತ್ತದೆ. ಆದರೆ ಬೀಜ ಒಂದೇ ಗಿಡದ ಸಂತತಿಯಾಗಿರಲಿ.

ಕೆಂಪಕ್ಕಿಯ ಪರೀಕ್ಷೆ

ಪ್ರಯೋಗಾಲಯದಿಂದ ಕಡತ ಬಂದಾಗ ಮೊದಲು ಎಂಡಿ5 ಮೊತ್ತ, ಅಂದರೆ ಕಡತ ಪೂರ್ತಿ ಬಂದಿದೆಯೇ ಎಂದು ತಿಳಿಸುವ ಗುರುತು, ತಾಳೆ ನೋಡಿ. ಅರ್ಧಕ್ಕೆ ನಿಂತ ಡೌನ್‌ಲೋಡ್ ಕೂಡ ಕಡತದಂತೆಯೇ ಕಾಣುತ್ತದೆ. ಭತ್ತದ ಜೀನೋಮ್ ಸುಮಾರು 37 ಕೋಟಿ ಅಕ್ಷರದ್ದು, 12 ಕ್ರೋಮೋಸೋಮ್. ಒಂದು ಮಾದರಿಯನ್ನು ಹತ್ತು ಪಟ್ಟು ಓದಿಸಿದರೆ ಕಚ್ಚಾ ಕಡತ 3 ಜಿಬಿ ಆಸುಪಾಸು, ಒಂದು ಪ್ಲೇಟಿಗೆ ಹತ್ತಿರಹತ್ತಿರ 300 ಜಿಬಿ. ಅದನ್ನು ನಿಮ್ಮ ಸರ್ವರಿನಲ್ಲಿ ಹೊತ್ತುಕೊಳ್ಳಬೇಡಿ. ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಂಥ ಸಾರ್ವಜನಿಕ ಭಂಡಾರಕ್ಕೆ ಸಲ್ಲಿಸಿ, ಅಲ್ಲಿನ ಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳಿ. ನಿಮ್ಮಲ್ಲಿ ಇರಬೇಕಾದದ್ದು ವ್ಯತ್ಯಾಸಗಳ ಕಡತ, ಅಂದರೆ ವಿಸಿಎಫ್.

ವಿಸಿಎಫ್ ಯಾವ ಆಕರ ಜೀನೋಮಿಗೆ ಹೋಲಿಸಿ ಮಾಡಿದ್ದು ಎಂಬುದು ಅದರ ಜಾತಕ. ಭತ್ತಕ್ಕೆ ಸಾಮಾನ್ಯವಾಗಿ ನಿಪ್ಪೊನ್‌ಬಾರೆ ಎಂಬ ಜಪಾನಿ ತಳಿ, ‘ಐಆರ್‌ಜಿಎಸ್‌ಪಿ-1.0’ ಆವೃತ್ತಿ. ಇಷ್ಟನ್ನು ಬರೆಯದ ವಿಸಿಎಫ್ ಸ್ವೀಕರಿಸಬೇಡಿ. ಒಂದೇ ವಂಶವಾಹಿಗೆ ಎರಡು ಹೆಸರಿರುವುದೂ ಇದೆ. ಅಕ್ಕಿಯ ಕೆಂಪು ಸಿಪ್ಪೆಗೆ ಕಾರಣವಾದ ‘ಆರ್‌ಸಿ’ ವಂಶವಾಹಿ ಒಂದು ಪಟ್ಟಿಯಲ್ಲಿ ‘ಒಎಸ್07ಜಿ0211500’, ಇನ್ನೊಂದರಲ್ಲಿ ‘ಲಾಕ್_ಒಎಸ್07ಜಿ11020’. ಎರಡನ್ನೂ ಬರೆಯಿರಿ.

ಕುಚ್ಚಲಕ್ಕಿ ಉಣ್ಣುವ ಈ ನಾಡಿಗೆ ಆರ್‌ಸಿ ಒಂದು ಪುಕ್ಕಟೆ ಕಾವಲುಗಾರ. ಹೆಚ್ಚಿನ ಬಿಳಿ ಅಕ್ಕಿಯ ತಳಿಗಳಲ್ಲಿ ಏಳನೇ ಕ್ರೋಮೋಸೋಮಿನ ಈ ವಂಶವಾಹಿಯೊಳಗೆ 14 ಅಕ್ಷರ ಬಿದ್ದುಹೋಗಿ ಅದು ಕೆಲಸ ನಿಲ್ಲಿಸಿದೆ. ಕೆಲಸ ಮಾಡುವ ಒಂದು ಪ್ರತಿ ಇದ್ದರೂ ಸಿಪ್ಪೆ ಕೆಂಪು. ಅಂದಮೇಲೆ ಚೀಲದಲ್ಲಿ ಕೆಂಪಕ್ಕಿ ಇದ್ದು, ಡಿಎನ್‌ಎಯಲ್ಲಿ ಎರಡೂ ಪ್ರತಿಗಳು ಬಿದ್ದುಹೋದ ರೂಪದವಾಗಿದ್ದರೆ ಎಲ್ಲೋ ಮಾದರಿ ಬದಲಾಗಿದೆ ಎಂದೇ ಹಿಡಿದು ಹುಡುಕಲು ಶುರುಮಾಡಿ. ತಿರುವುಮುರುವಾಗಿ ಹೇಳಬೇಡಿ. ಬಿಳಿಯಾಗಲು ಬೇರೆ ದಾರಿಗಳೂ ಇವೆ, ಹಾಗಾಗಿ 14 ಅಕ್ಷರ ಇದ್ದೂ ಅಕ್ಕಿ ಬಿಳಿಯಾಗಿದ್ದರೆ ಅದಷ್ಟೇ ತಪ್ಪಿನ ಸಾಕ್ಷಿಯಾಗದು.

ಇದರಲ್ಲಿ ಒಂದು ತಿರುವಿದೆ. ನಿಪ್ಪೊನ್‌ಬಾರೆ ಸ್ವತಃ ಬಿಳಿ ಅಕ್ಕಿ. ಅದರಲ್ಲೇ ಆ 14 ಅಕ್ಷರ ಇಲ್ಲ. ಆದ್ದರಿಂದ ವಿಸಿಎಫ್‌ನಲ್ಲಿ ಬಿಳಿಯದು ‘ಆಕರದಂತೆ’ ಎಂದು ಕಾಣುತ್ತದೆ, ನಮ್ಮ ಕೆಂಪು ತಳಿಗಳು ‘14 ಅಕ್ಷರ ಸೇರ್ಪಡೆ’ ಎಂದು ಕಾಣುತ್ತವೆ. ಕಡತ ಚಿಕ್ಕದಾಗಲಿ ಎಂದು ಒಂದಕ್ಷರದ ಬದಲಾವಣೆಗಳನ್ನು ಮಾತ್ರ ಉಳಿಸಿ ಉಳಿದದ್ದನ್ನು ಸೋಸಿಬಿಟ್ಟರೆ ಈ ಸಾಕ್ಷಿಯೇ ಹೋಗುತ್ತದೆ. ಸೋಸುವ ಮೊದಲಿನ ಕಡತವನ್ನೂ ಇಡಿ ಎನ್ನುವುದು ಇದಕ್ಕೇ.

ಉಳಿದ ತಾಳೆಗಳು ಚಿಕ್ಕವು. ಜೋಡಿ ಎಂಒ4 ಗುಂಡಿಗಳು ಶೇ. 99ರಷ್ಟಾದರೂ ಹೊಂದಬೇಕು. ಭತ್ತ ಸ್ವಕೀಯ ಪರಾಗಸ್ಪರ್ಶದ ಬೆಳೆ, ಹಾಗಾಗಿ ಒಂದು ಗಿಡದ ಮಾದರಿಯಲ್ಲಿ ಇಬ್ಬಗೆಯ ಸ್ಥಾನಗಳು (ಎರಡು ಪ್ರತಿಗಳಲ್ಲಿ ಬೇರೆ ಬೇರೆ ಅಕ್ಷರ ಇರುವಂಥವು) ಶೇ. 5 ಮೀರಿದರೆ ಬೀಜ ಬೆರೆತಿದೆಯೋ, ಪಕ್ಕದ ಗುಂಡಿಯ ಹನಿ ಸಿಡಿದಿದೆಯೋ ನೋಡಿ. ಕ್ರೋಮೋಸೋಮಿನ ಹೆಸರು ಒಬ್ಬರಲ್ಲಿ ‘7’, ಇನ್ನೊಬ್ಬರಲ್ಲಿ ‘ಕ್ರೋಮ್07’ ಇದ್ದರೆ ಎರಡು ಕಡತ ಸೇರಿಸುವಾಗ ಯಂತ್ರ ಜಗಳವಾಡದೆ ಖಾಲಿ ಉತ್ತರ ಕೊಡುತ್ತದೆ, ಅದು ಜಗಳಕ್ಕಿಂತ ಅಪಾಯ.

ಸರ್ವರ್ ಯಾವಾಗ

ಸಾವಿರ ಚೀಲದವರೆಗೆ ಸರ್ವರ್ ಬೇಡ ಎಂಬುದು ನಮ್ಮ ಅಭಿಪ್ರಾಯ. ಚೀಲ, ಪ್ರಯೋಗ, ಅಳತೆ, ಎಲೆ ಮಾದರಿ ಎಂಬ ನಾಲ್ಕು ಸಿಎಸ್‌ವಿ ಹಾಳೆ, ಪ್ರತಿ ಕಾಲಮಿಗೂ ಅರ್ಥ ಬರೆದ ಐದನೇ ಹಾಳೆ, ತಿದ್ದುಪಡಿಯ ಆರನೇ ಹಾಳೆ: ಯಾರು, ಯಾವ ದಿನ, ಹಳೆಯದು ಏನಿತ್ತು, ಹೊಸದು ಏನು, ಏಕೆ. ಅಳಿಸುವುದು ಎಂಬುದೇ ಇಲ್ಲ, ‘ನಿವೃತ್ತ’ ಎಂದು ಗುರುತಿಸುವುದು ಮಾತ್ರ. ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಮೇ ತಿಂಗಳ ಸಿಡಿಲಿಗೆ ಒಂದೇ ಕಟ್ಟಡದ ಎರಡು ಯಂತ್ರಗಳು ಒಟ್ಟಿಗೆ ಹೋಗಬಹುದು.

ಅದು ಮೀರಿದಾಗ ‘ಬ್ರೀಡ್‌ಬೇಸ್’, ‘ಜರ್ಮಿನೇಟ್’, ‘ಗ್ರಿನ್-ಗ್ಲೋಬಲ್’ ಎಂಬ ಮುಕ್ತ ತಂತ್ರಾಂಶಗಳಿವೆ. ಬೀಜದ ದಾಸ್ತಾನು ಮುಖ್ಯವಾದರೆ ಕೊನೆಯದು, ತಳಿ ಪ್ರಯೋಗ ಮುಖ್ಯವಾದರೆ ಮೊದಲನೆಯದು. ಎಲ್ಲರೂ ಒಂದನ್ನೇ ಹಾಕಬೇಕೆಂದಿಲ್ಲ. ‘ಬ್ರಾಪಿ’ ಎಂಬ ಸಾಮಾನ್ಯ ಭಾಷೆ ಮಾತಾಡುವ ಡೇಟಾಬೇಸುಗಳು ತಳಿ, ಪ್ರಯೋಗ, ಲಕ್ಷಣಗಳ ಮಾಹಿತಿಯನ್ನು ನೇರ ವಿನಿಮಯ ಮಾಡಿಕೊಳ್ಳುತ್ತವೆ, ಫೀಲ್ಡ್ ಬುಕ್ ಕೂಡ ಅದನ್ನು ಬಲ್ಲದು. ಕೊಳ್ಳುವ ತಂತ್ರಾಂಶವಾದರೆ ಮಾರುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಬಿಡುಗಡೆ ವರ್ಷಕ್ಕೆ ಎರಡು ಬಾರಿ ಸಾಕು, ಏಣೆಲಿನ ಕೊಯ್ಲಿನ ಮೇಲೊಂದು, ಕೊಳಕೆ ಮುಗಿದ ಮೇಲೊಂದು. ‘2025.1’ ಎಂದು ಗುರುತಿಸಿ, ಜೆನೋಡೊದಂಥ ಭಂಡಾರದಲ್ಲಿ ಡಿಒಐ ಎಂಬ ಶಾಶ್ವತ ಗುರುತುಸಂಖ್ಯೆ ಪಡೆದು ಗಟ್ಟಿಮಾಡಿ. ಆಮೇಲೆ ಕಂಡ ತಪ್ಪು 2025.2ರಲ್ಲಿ ಸರಿಯಾಗುತ್ತದೆ, ಹಳೆಯದನ್ನು ಮುಟ್ಟುವಂತಿಲ್ಲ.

ಅಡಿಕೆ, ಗೇರು

ಅಡಿಕೆ ಪರಕೀಯ ಪರಾಗಸ್ಪರ್ಶದ ಮರ. ‘ಮಂಗಳ’ ಎಂಬ ಹೆಸರಿನ ಎರಡು ಮರ ವಂಶವಾಹಿಯಲ್ಲಿ ಒಂದೇ ಆಗಿರುವುದಿಲ್ಲ, ಆದ್ದರಿಂದ ಸಂಖ್ಯೆ ಚೀಲಕ್ಕಲ್ಲ, ಮರಕ್ಕೆ. ಮರದ ಸ್ಥಾನ ದಶಮಾಂಶದ ಐದು ಅಂಕೆಯವರೆಗೆ ಬೇಕು, ಒಳಗಿನ ಪ್ರತಿಯಲ್ಲಿ. ಮೇಲೆ ಹೇಳಿದ ಶೇ. 5ರ ತಾಳೆ ಇಲ್ಲಿ ಅನ್ವಯಿಸದು. ಗೇರಿನಲ್ಲಿ ಕಸಿ ಗಿಡವಾದ್ದರಿಂದ ಉಳ್ಳಾಲ-3ರ ಎಲ್ಲ ಗಿಡವೂ ತಾಯಿಮರದ ನಕಲು, ಆದರೆ ಬೇರು ಮಾತ್ರ ಬೇರೆ ಬೀಜದ್ದು. ಎಲೆಯನ್ನು ಕಸಿಗಂಟಿನ ಮೇಲಿನಿಂದಲೇ ಕೊಯ್ಯಬೇಕು, ಬುಡದಲ್ಲಿ ಒಡೆದ ಚಿಗುರಿನಿಂದಲ್ಲ.

ಪ್ರತಿ ಬಿಡುಗಡೆಯ ಹೊತ್ತಿಗೆ ಬೀಜ ಕೊಟ್ಟ ಮನೆಗೆ ಒಂದು ಹಾಳೆ ಕನ್ನಡದಲ್ಲಿ ಮುದ್ರಿಸಿ ತಲುಪಿಸಿ: ಅವರ ತಳಿಯ ಸಂಖ್ಯೆ, ತೆನೆ ಬಂದ ದಿನ, ಇಳುವರಿ, ಹೊಂದುವ ಬೇರೆ ಚೀಲಗಳು. ‘ಇದು ನಮ್ಮದಲ್ಲ, ನಮ್ಮದರ ಕಾಳು ಇಷ್ಟು ಗಿಡ್ಡವಿಲ್ಲ’ ಎಂದು ಅವರು ಹೇಳಿದರೆ ಆರನೇ ಹಾಳೆ ತೆರೆದು ಅಂದಿನ ದಿನಾಂಕ ಹಾಕಿ ಬರೆದುಕೊಳ್ಳಿ, ಆಮೇಲೆ ಪಿ04ರ ಲಕೋಟೆ ತೆಗೆದು ನೋಡಿ.